ವಾರಿಜಾ ಎಸೆದ ಮೂರು ರಾಜರು

ಜಿತೇಶ್ ಯಾನ್ಬುವಿನ ಒಂದು ಕಾರ್ಖಾನೆಯಲ್ಲಿ ಬಾಯ್ಲರ್ ಟೆಕ್ನಿಷಿಯನ್. ಅವನ ಹೆಂಡತಿ ವಾರಿಜಾ ಬೆಟ್ಟದ ಮೇಲಿನ ಊರು ಅಭಾದ ಆಸ್ಪತ್ರೆಯೊಂದರಲ್ಲಿ ನರ್ಸ್. ಒಂದೇ ಅರಬ್ ದೇಶದಲ್ಲಿದ್ದರೂ ನಡುವೆ ಇಡೀ ದಿನದ ಬಸ್ಸಿನ ದಾರಿ. ಶುಕ್ರವಾರದ ಫೋನಿನಲ್ಲಿ ಊಟ ಆಯ್ತಾ, ಅಲ್ಲಿ ಚಳಿ ಹೇಗುಂಟು ಎಂದು ಕೇಳಿದ ಮೇಲೆ ಇಬ್ಬರಿಗೂ ಮಾತು ಹೊಳೆಯುತ್ತಿರಲಿಲ್ಲ.

ಜಿತೇಶನ ರೂಮಿನಲ್ಲೇ ಇದ್ದ ಮೈಸೂರಿನ ಎಂಜಿನಿಯರ್ ಶ್ರೀನಾಥ್ ಇದಕ್ಕೊಂದು ದಾರಿ ಹುಡುಕಿದ. ಮೊಬೈಲಿನಲ್ಲಿ ಪೋಕರ್ ಎಂಬ ಇಸ್ಪೀಟಾಟ, ಆಡುವಾಗ ಎಲ್ಲರೂ ಒಂದೇ ಫೋನ್ ಕರೆಯಲ್ಲಿ. ದುಡ್ಡಿಟ್ಟು ಆಡುವುದು ಇಲ್ಲಿ ಅಪರಾಧ, ಆದ್ದರಿಂದ ಚಿಪ್ಸ್ ಎಂಬ ಬೆಲೆಯಿಲ್ಲದ ಬಿಲ್ಲೆಗಳು. ಸೋತವರು ಕೊನೆಗೆ ಫೋನಿನಲ್ಲಿ ಒಂದು ಹಾಡು ಹೇಳಬೇಕು, ಅಷ್ಟೇ ಪಣ. ದಮ್ಮಾಮಿನಲ್ಲಿದ್ದ ವಾರಿಜಾಳ ತಂಗಿ ವಿನೋದಾಳೂ ಸೇರಿದಳು. ಟೇಬಲ್ಲಿಗೆ ನಾಲ್ಕೇ ಜನ.

"ಒಂಬತ್ತು ಜನ ಇದ್ರೆ ಒಳ್ಳೆ ಕಾರ್ಡ್ ಬರೋವರ್ಗೂ ಕಾಯಬಹುದು. ನಾಲ್ಕು ಜನರಲ್ಲಿ ಹಾಗೆ ಕೂತ್ರೆ, ಸರದಿ ಬಂದಾಗಲೆಲ್ಲ ಹಾಕಲೇಬೇಕಾದ ಪಣದಲ್ಲೇ ಚಿಪ್ಸ್ ಕರಗಿ ಹೋಗುತ್ತೆ," ಎಂದು ಶ್ರೀನಾಥ್ ಮೊದಲ ದಿನವೇ ಹೇಳಿಕೊಟ್ಟ. "ಇಲ್ಲಿ ಕಾರ್ಡಿಗಿಂತ ಹೆಚ್ಚಾಗಿ ಎದುರಿಗಿರೋರನ್ನ ನೋಡ್ಬೇಕು."

ಮೊಬೈಲಿನಲ್ಲಿ ಎದುರಿಗಿರುವವರ ಮುಖವೆಲ್ಲಿ ಕಾಣುತ್ತದೆ ಎಂದು ಜಿತೇಶನಿಗೆ ನಗು ಬಂತು. ಮೊದಲ ಕೆಲವು ವಾರ ವಾರಿಜಾಳೇ ಸೋತು ಹಾಡಿದಳು.

ಒಂದು ಶುಕ್ರವಾರ ಜಿತೇಶನ ಕೈಗೆ ಎರಡು ಹಾರ್ಟ್ ಎಲೆ ಬಂದವು. ನಡುವೆ ಬಿಚ್ಚಿದ ಐದು ಎಲೆಗಳಲ್ಲಿ ಕೊನೆಯದೂ ಹಾರ್ಟ್ ಆಗಿ, ಅವನ ಬಣ್ಣ, ಎಂದರೆ ಒಂದೇ ಜಾತಿಯ ಐದು ಎಲೆ, ಪೂರ್ತಿಯಾಯಿತು. ಅವನು ಸ್ವಲ್ಪ ಯೋಚಿಸಿದಂತೆ ಮಾಡಿ, ಇದ್ದ ಚಿಪ್ಸ್ ಎಲ್ಲವನ್ನೂ ಮುಂದಿಟ್ಟ. ಎದುರಿಗೆ ಉಳಿದಿದ್ದವಳು ವಾರಿಜಾ ಒಬ್ಬಳೇ. ಅವಳು ಆಟ ಕೈಬಿಟ್ಟಳು, ತನ್ನ ಎಲೆಗಳನ್ನು ಎಲ್ಲರಿಗೂ ತೋರಿಸಿದಳು. ಕೈಯಲ್ಲಿ ಎರಡು ರಾಜ, ನಡುವೆ ಇನ್ನೊಂದು.

"ಮೂರು ರಾಜರನ್ನ ಯಾರಾದ್ರೂ ಬಿಸಾಕ್ತಾರೇನ್ರೀ?" ಎಂದು ಶ್ರೀನಾಥ್ ಕೇಳಿದ.

"ಇವರ ಹತ್ರ ಅದಕ್ಕಿಂತ ದೊಡ್ಡದು ಉಂಟಲ್ಲ," ಎಂದಳು ವಾರಿಜಾ. "ಸುಳ್ಳು ಆಡುವಾಗ ಇವರು ಕೂಡಲೆ ಒತ್ತುತ್ತಾರೆ. ನಿಜವಾಗಿ ಬಂದಾಗ ಮಾತ್ರ ಯೋಚನೆ ಮಾಡಿದ ಹಾಗೆ ಮಾಡುವುದು."

ಜಿತೇಶ್ ಫೋನನ್ನೇ ನೋಡುತ್ತ ಕುಳಿತ. ತನಗೇ ಗೊತ್ತಿರದ ತನ್ನ ಉಸಿರನ್ನು ಅಷ್ಟು ದೂರದ ಬೆಟ್ಟದ ಮೇಲೆ ಕುಳಿತು ಯಾರೋ ಕೇಳಿಸಿಕೊಂಡ ಹಾಗಾಗಿತ್ತು.

ಊರಿನಲ್ಲಿ ಮಳೆಗಾಲ ಹಿಡಿಯುವ ಹೊತ್ತಿಗೆ ಕಾರ್ಖಾನೆಯ ಒಂದು ಘಟಕ ಮುಚ್ಚಿತು. ಜಿತೇಶನ ಇಕಾಮಾ, ಎಂದರೆ ಅಲ್ಲಿ ವಾಸಿಸುವ ಪರವಾನಗಿ, ಮುಗಿದ ಮೇಲೆ ನವೀಕರಿಸುವುದಿಲ್ಲ ಎಂದು ಹೇಳಿಬಿಟ್ಟರು. ಅವನು ಹೆಂಡತಿಗೆ ತಿಳಿಸಲಿಲ್ಲ. ಬೇರೆ ಕೆಲಸ ಸಿಕ್ಕ ಮೇಲೆ ಹೇಳಿದರಾಯಿತು ಎಂದುಕೊಂಡ. ಶುಕ್ರವಾರಗಳಂದು ಎಂದಿನಂತೆ ಆಟಕ್ಕೆ ಕೂತ, ನಕ್ಕ, ಸೋತಾಗ ಹಾಡಿದ.

ಒಂದು ಮಧ್ಯಾಹ್ನ ವಾರಿಜಾ ಅವನೊಬ್ಬನಿಗೇ ಫೋನು ಮಾಡಿದಳು.

"ಕೆಲಸದಲ್ಲಿ ಎಂತ ಆಯಿತು?"

"ಎಂತ ಇಲ್ಲ ಮಾರಾಯ್ತಿ."

"ಮೂರು ವಾರದಿಂದ ನೀವು ಎಲ್ಲ ಆಟ ಕೈಬಿಡ್ತಾ ಇದ್ದೀರಿ. ಯಾರಿಗೂ ಅಷ್ಟು ಸಲ ಕೆಟ್ಟ ಎಲೆ ಬರುವುದಿಲ್ಲ. ಇದ್ದದ್ದು ಹೋದೀತು ಅಂತ ನಿಮಗೆ ಹೆದರಿಕೆ ಆಗಿದೆ."

ಮುಚ್ಚಿಡಲು ಅವನಲ್ಲಿ ಏನೂ ಉಳಿಯಲಿಲ್ಲ. ಎಲ್ಲವನ್ನೂ ಹೇಳಿದ. ಹೇಳುವಾಗ ಅವನಿಗೆ ದುಃಖಕ್ಕಿಂತ ಬೆರಗೇ ಹೆಚ್ಚಾಗಿತ್ತು. ಮದುವೆಯಾಗಿ ಏಳು ವರ್ಷ. ಅವಳಿಗೆ ತಾನು ಗೊತ್ತು ಎಂದುಕೊಂಡಿದ್ದ. ಇಷ್ಟು ಗೊತ್ತು ಎಂದುಕೊಂಡಿರಲಿಲ್ಲ.

"ಇಲ್ಲಿಗೆ ಬನ್ನಿ," ಎಂದಳು ವಾರಿಜಾ. "ಇಕಾಮಾ ಇರುವಾಗಲೇ ಹುಡುಕುವ. ಅಲ್ಲಿ ಒಬ್ಬರೇ ಕೂತು ಎಂತ ಮಾಡ್ತೀರಿ?"

ಅವನು ರಜೆ ಹಾಕಿ ಅಭಾಕ್ಕೆ ಹೋದ. ವಾರಿಜಾಳ ಸಹೋದ್ಯೋಗಿ ಸಮೀಹಾಳ ಅಣ್ಣ ಒಂದು ಶೀತಲ ಗೋದಾಮು ನಡೆಸುತ್ತಿದ್ದ. ಅಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸ ಖಾಲಿಯಿತ್ತು. ಸಂಬಳ ಮೊದಲಿಗಿಂತ ಕಡಿಮೆ. ಕಫೀಲ್, ಎಂದರೆ ವೀಸಾಕ್ಕೆ ಹೊಣೆಯಾಗುವ ಮಾಲೀಕನ, ಬದಲಾವಣೆಗೆ ಒಂದಷ್ಟು ದಿನ ಹಿಡಿಯಿತು, ಆದರೆ ಆಯಿತು.

ಅಲ್ಲಿನ ಮೊದಲ ಶುಕ್ರವಾರ ಜಿತೇಶ್ ಆಡಲಿಲ್ಲ. ಶ್ರೀನಾಥ್ ಯಾನ್ಬುವಿನಿಂದ, ವಿನೋದಾ ದಮ್ಮಾಮಿನಿಂದ ಸೇರಿದ್ದರು. ಅವನು ವಾರಿಜಾಳ ಭುಜದ ಪಕ್ಕ ಕುಳಿತು, ಮೊದಲ ಸಲ ಅವಳ ಎಲೆಗಳನ್ನು ಅವಳ ಕಡೆಯಿಂದ ನೋಡಿದ. ಇಷ್ಟು ದಿನ ಅವಳು ಗೆದ್ದಾಗಲೆಲ್ಲ ಒಳ್ಳೆಯ ಎಲೆ ಬಂದಿತ್ತು ಎಂದೇ ನಂಬಿದ್ದ. ಬಂದದ್ದು ಏಳು ಮತ್ತು ನಾಲ್ಕು. ಜೊತೆ ಇಲ್ಲ, ಬಣ್ಣ ಇಲ್ಲ. ಅವಳು ಚಹಾ ಒಂದು ಗುಟುಕು ಕುಡಿದು, ಅವಸರವಿಲ್ಲದೆ ಚಿಪ್ಸ್ ಮುಂದಿಟ್ಟಳು. ಮೊದಲು ವಿನೋದಾ ಕೈಬಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಶ್ರೀನಾಥನೂ ಬಿಟ್ಟ.

"ಏನೂ ಇರಲಿಲ್ಲವಲ್ಲ," ಎಂದು ಜಿತೇಶ್ ಪಿಸುಗುಟ್ಟಿದ.

"ಮೆಲ್ಲ ಹೇಳಿ, ಫೋನ್ ಆನ್ ಉಂಟು," ಎಂದಳು ವಾರಿಜಾ.

ಕಿಟಕಿಯ ಆಚೆ ಮಂಜು ಏರಿ ಎದುರಿನ ಬೆಟ್ಟ ಮುಚ್ಚಿಹೋಗಿತ್ತು. ಅವಳಿಗೆ ಮುಂದಿನ ಎರಡು ಎಲೆ ಬಂದವು. ಜಿತೇಶ್ ಎಲೆಗಳನ್ನು ಬಿಟ್ಟು ಅವಳ ಮುಖವನ್ನೇ ನೋಡಿದ. ಅಲ್ಲಿ ಅವನಿಗೆ ಏನೂ ಓದಲಾಗಲಿಲ್ಲ.