ಸೆಟ್ಲ್ ಆದ ಟೈಲರ್

ಸಾಲ ಮಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಫೋನು ಕಂತಿನಲ್ಲಿ, ಫ್ರಿಜ್ಜು ಕಂತಿನಲ್ಲಿ, ಕೂರುವ ಸೋಫಾ ಕೂಡ ಕಂತಿನಲ್ಲಿ. ಇಂಥವರ ಸೊಂಟಕ್ಕೆ ಟೇಪು ಸುತ್ತುವಾಗ, ಈ ಸೊಂಟವಾದರೂ ಸ್ವಂತದ್ದೋ ಎಂದು ಕೇಳಬೇಕೆನಿಸುತ್ತಿತ್ತು. ಕೆಲವರನ್ನು ಕೇಳಿಯೂ ಇದ್ದೇನೆ. ಅವರು ಹಲ್ಲು ಕಿರಿದು ಅಳತೆ ಕೊಡುತ್ತಿದ್ದರು, ಯಾಕೆಂದರೆ ನಮ್ಮ ಬೀದಿಯಲ್ಲಿ ನನ್ನ ಹಾಗೆ ಪ್ಯಾಂಟು ಹೊಲಿಯುವವನು ಇನ್ನೊಬ್ಬನಿರಲಿಲ್ಲ.

ಹೆಂಡತಿಗೆ ನಾನಿಟ್ಟ ಹೆಸರು ಕಂತಮ್ಮ. ಓವರ್‌ಲಾಕ್ ಮಷೀನು, ಇಸ್ತ್ರಿ ಪೆಟ್ಟಿಗೆ, ಮಗಳ ಕಂಪ್ಯೂಟರು, ಎಲ್ಲವನ್ನೂ ಅವಳು ಕಂತಿನಲ್ಲೇ ತಂದವಳು. ಐದನೇ ತಾರೀಖು ಬಂತೆಂದರೆ ಬ್ಯಾಂಕಿಗೆ ಹೋಗಿ ಕಟ್ಟಿ ಬಂದು, ರಸೀದಿಯನ್ನು ಮಡಿಸಿ ಹಳೇ ಬಿಸ್ಕತ್ತಿನ ಡಬ್ಬಿಗೆ ಹಾಕುವಳು. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಿಮ್ಮಪ್ಪ ಹೇಳಿಕೊಡಲಿಲ್ವೇನೇ?" ಎಂದು ಗಿರಾಕಿಗಳ ಎದುರಿಗೇ ಅಣಕಿಸುತ್ತಿದ್ದೆ. ಒಮ್ಮೆ ಅವಳು ಗುಂಡಿ ಹೊಲಿಯುತ್ತ, ತಲೆಯನ್ನೂ ಎತ್ತದೆ, "ಆ ಹಾಸಿಗೆನೂ ಕಂತಿಂದೇ ರೀ, ನಿಮಗೆ ಗೊತ್ತಾಗ್ಲಿಲ್ಲ ಅಷ್ಟೆ" ಅಂದಳು. ಗಿರಾಕಿ ನಕ್ಕ. ನಾನು ಆ ಗಿರಾಕಿಯ ಪ್ಯಾಂಟನ್ನು ಒಂದು ವಾರ ತಡವಾಗಿ ಕೊಟ್ಟೆ.

ನಮ್ಮದು ಮುಂದೆ ಅಂಗಡಿ, ಹಿಂದೆ ಎರಡು ಕೋಣೆಯ ಮನೆ. ಹತ್ತೊಂಬತ್ತು ವರ್ಷದ ಬಾಡಿಗೆ. ಒಂದು ಬೆಳಿಗ್ಗೆ ಓನರಮ್ಮ ಬಂದು ಬೆಂಚಿನ ಮೇಲೆ ಕೂತರು. "ಇದನ್ನ ಮಾರ್ತಾ ಇದೀನಪ್ಪಾ. ಮೂರು ತಿಂಗಳು ನಿನಗೇ ಬಿಟ್ಟಿರ್ತೀನಿ. ನಿನ್ನ ಕೈಲಿ ಆಗ್ಲಿಲ್ಲ ಅಂದ್ರೆ ಪಕ್ಕದ ಔಷಧಿ ಅಂಗಡಿಯವರಿಗೆ ಕೊಡ್ತೀನಿ, ಅವರು ಗೋಡೆ ಒಡೆದು ಸೇರಿಸ್ಕೊಳ್ತಾರಂತೆ." ನನ್ನ ಕಟಿಂಗ್ ಟೇಬಲ್ಲು ಇರುವ ಜಾಗದಲ್ಲಿ ಕೆಮ್ಮಿನ ಔಷಧಿಯ ಸಾಲು!

ಗೃಹಸಾಲವೆಂಬುದು ಸಾಲವಲ್ಲ, ಸ್ಥಿರಾಸ್ತಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ಇಸ್ತ್ರಿ ಮಾಡಿದ ಶರಟು ತೊಟ್ಟು ಬ್ಯಾಂಕಿಗೆ ಹೋದೆ. ಸಾಲದ ಆಫೀಸರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವಳ ಕೋಟಿನ ಎಡಗಡೆ ಕಾಲರು ಒಂದು ಎಳೆ ಉದ್ದವಾಗಿತ್ತು. ಇಂಥ ಕಾಲರಿನವಳು ನನಗೇನು ಅಳತೆ ತೆಗೆದಾಳು ಎಂದುಕೊಂಡೆ.

"ಸಾರ್, ನಿಮ್ಮ ಕ್ರೆಡಿಟ್ ಸ್ಕೋರ್ ಐನೂರ ಎಂಬತ್ತು. ಕಡೇಪಕ್ಷ ಏಳುನೂರಾದ್ರೂ ಬೇಕು."

"ನಾನು ಜನ್ಮದಲ್ಲಿ ಸಾಲ ಮಾಡಿದವನಲ್ಲಮ್ಮ. ಯಾರಿಗೂ ಒಂದು ಕಾಸು ಬಾಕಿ ಇಲ್ಲ."

"ಒಂದು ಕಾರ್ಡ್ ಇದೆಯಲ್ಲ ಸಾರ್. ಎಂಟು ವರ್ಷದಿಂದ ವಾರ್ಷಿಕ ಶುಲ್ಕ ಕಟ್ಟಿಲ್ಲ. ಅದಕ್ಕೆ ಬಡ್ಡಿ, ಬಡ್ಡಿಗೆ ದಂಡ. ಒಟ್ಟು ನಲವತ್ತೆರಡು ಸಾವಿರ."

ನೆನಪಾಯಿತು. ಎಂಟು ವರ್ಷದ ಹಿಂದೆ ಟೈ ಕಟ್ಟಿದ ಒಬ್ಬ, ಪ್ಯಾಂಟು ಗಿಡ್ಡ ಮಾಡಿಸಲು ಬಂದವನು, ನನ್ನ ತಲೆ ಸವರಿ ಒಂದು ಕಾರ್ಡು ಅಂಟಿಸಿ ಹೋಗಿದ್ದ. ಒಂದು ಸಲ ಬಟ್ಟೆ ಕೊಂಡೆ, ಮರುತಿಂಗಳೇ ಕಟ್ಟಿದೆ, ಆಮೇಲೆ ನಾಲ್ಕು ಗಿರಾಕಿಗಳನ್ನು ನಿಲ್ಲಿಸಿಕೊಂಡು ದೊಡ್ಡ ಕತ್ತರಿಯಿಂದ ಕಾರ್ಡನ್ನು ಕಚಕ್ಕನೆ ಎರಡು ತುಂಡು ಮಾಡಿದೆ. "ನೋಡಿ, ಸಾಲದ ಕತೆ ಮುಗೀತು!" ಕಂತಮ್ಮ ತುಂಡುಗಳನ್ನು ಎತ್ತಿಕೊಂಡು, "ಕಾರ್ಡ್ ಕತ್ತರಿಸಿದ್ರೆ ಖಾತೆ ಮುಚ್ಚುತ್ತೇನ್ರೀ? ಹಿಂದ್ಗಡೆ ನಂಬರ್ ಇದೆ, ಒಂದು ಫೋನ್ ಮಾಡಿ" ಅಂದಿದ್ದಳು. ಕತ್ತರಿ ಹಿಡಿದವನಿಗೆ ಕತ್ತರಿಸುವುದನ್ನು ಹೇಳಿಕೊಡಬೇಡ ಅಂದಿದ್ದೆ. ಆಮೇಲೆ ಆ ಕಾರ್ಡಿನ ಕಂಪನಿಯಿಂದ ದಪ್ಪ ಕಾಗದದ ಪತ್ರಗಳು ಬರುತ್ತಲೇ ಇದ್ದವು. ಜಾಹೀರಾತು ಎಂದುಕೊಂಡು, ಒಂದನ್ನೂ ಓದದೆ, ಎಲ್ಲವನ್ನೂ ಕಾಲರಿನ ಅಳತೆಯ ಪ್ಯಾಟರ್ನು ಕತ್ತರಿಸಲು ಬಳಸಿದೆ. ಅರ್ಧ ಊರಿನ ಕುತ್ತಿಗೆಗೆ ನನ್ನ ನೋಟಿಸಿನ ಅಳತೆ.

ಆಫೀಸರು ಬಿಡಿಸಿ ಹೇಳಿದಳು. "ಬಾಕಿ ಪೂರ್ತಿ ಕಟ್ಟಿ, ಬಾಕಿ ಇಲ್ಲ ಅಂತ ಪತ್ರ ತಗೊಳ್ಳಿ. ಎರಡು ತಿಂಗಳಲ್ಲಿ ಸ್ಕೋರ್ ಒಂದಿಷ್ಟು ಏರುತ್ತೆ, ಉಳಿದಿದ್ದು ನಾನು ಮೇಲಿನವರ ಹತ್ರ ಮಾತಾಡ್ತೀನಿ. ಪೂರ್ತಿ ಅಂದ್ರೆ ಪೂರ್ತಿ ಸಾರ್. ಚೌಕಾಸಿ ಮಾತ್ರ ಬೇಡ."

ಚೌಕಾಸಿ ಬೇಡವಂತೆ! ಸಗಟು ಅಂಗಡಿಯವನ ಕಣ್ಣಲ್ಲಿ ನೀರು ತರಿಸಿ ಲೈನಿಂಗ್ ಬಟ್ಟೆ ತರುವವನು ನಾನು. ಮನೆಗೆ ಬಂದು ವಿಷಯ ಹೇಳಿದಾಗ ಕಂತಮ್ಮ ಕಾರ್ಡಿನ ಎರಡು ತುಂಡುಗಳನ್ನು ಟೇಪಿನಿಂದ ಅಂಟಿಸಿ ಮೇಜಿನ ಮೇಲಿಟ್ಟಳು. ಎಂಟು ವರ್ಷ ಬಿಸ್ಕತ್ತಿನ ಡಬ್ಬಿಯಲ್ಲಿ ಕಾದಿಟ್ಟಿದ್ದಳು. ಜೊತೆಗೆ ಅವಳ ಉಳಿತಾಯದ ಪಾಸ್‌ಬುಕ್ಕು. "ಆಯಮ್ಮ ಹೇಳಿದ ಹಾಗೇ ಮಾಡಿ. ಪೂರ್ತಿ ಕಟ್ಬಿಡಿ."

ನಾನು ಕಾರ್ಡಿನ ಕಂಪನಿಗೆ ಫೋನು ಮಾಡಿದೆ. ಆ ಕಡೆಯವನು ನಲವತ್ತೆರಡು ಅಂದ, ನಾನು ಐದು ಅಂದೆ. ಅವನು ಮೂವತ್ತಕ್ಕೆ ಬಂದ, ನಾನು ಫೋನಿಟ್ಟೆ. ಅವನೇ ತಿರುಗಿ ಮಾಡಿದ. ನಾಲ್ಕು ದಿನ ಜಗ್ಗಾಡಿ ಹದಿನೈದಕ್ಕೆ ತಂದು ನಿಲ್ಲಿಸಿದೆ. ವಾರದಲ್ಲಿ ಪತ್ರ ಬಂತು. ಈ ಸಲ ಓದಿದೆ. 'ಸೆಟಲ್ಡ್' ಎಂದು ದಪ್ಪ ಅಕ್ಷರದಲ್ಲಿತ್ತು.

ನಮ್ಮ ಮಾತಿನಲ್ಲಿ ಅದಕ್ಕಿಂತ ದೊಡ್ಡ ಆಶೀರ್ವಾದ ಯಾವುದಿದೆ? ಮಗನಿಗೆ ಕೆಲಸ ಸಿಕ್ಕರೆ ಸೆಟ್ಲ್ ಆದ, ಮಗಳಿಗೆ ಮದುವೆಯಾದರೆ ಸೆಟ್ಲ್ ಆದಳು. ನಾನು ಆ ಪತ್ರವನ್ನು ಕನ್ನಡಿಯ ಪಕ್ಕ ಅಂಟಿಸಿ, ಬಂದ ಗಿರಾಕಿಗಳಿಗೆಲ್ಲ ತೋರಿಸಿದೆ. "ಐವತ್ತೆರಡನೇ ವಯಸ್ಸಿಗೆ ನಾನೂ ಸೆಟ್ಲ್ ಆದೆ ಕಣ್ರಪ್ಪಾ!" ಎಲ್ಲರೂ ಕೈಕುಲುಕಿದರು. ಕಂತಮ್ಮ ಮಾತ್ರ ಪತ್ರವನ್ನು ಎರಡು ಸಲ ಓದಿ, ಪಾಸ್‌ಬುಕ್ಕನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.

ಓನರಮ್ಮನ ಗಡುವಿಗೆ ಒಂಬತ್ತು ದಿನ ಇರುವಾಗ ಇಬ್ಬರೂ ಬ್ಯಾಂಕಿಗೆ ಹೋದೆವು. ಆಫೀಸರು ಪತ್ರ ನೋಡಿದಳು, ಕಂಪ್ಯೂಟರ್ ನೋಡಿದಳು, ಕೊನೆಗೆ ನನ್ನನ್ನು ನೋಡಿದಳು.

"ಚೌಕಾಸಿ ಮಾಡಿದ್ರಾ ಸಾರ್?"

"ಇಪ್ಪತ್ತೇಳು ಸಾವಿರ ಉಳಿಸಿದೆ."

"ಸೆಟಲ್ಡ್ ಅಂದ್ರೆ ಈ ಮನುಷ್ಯ ಪೂರ್ತಿ ಕೊಡದೆ ಕೈ ಎತ್ತಿದ ಅಂತ ಅರ್ಥ. ಬಾಕಿ ಇದ್ದಿದ್ರೆ ಕಟ್ಟಿ ಸರಿ ಮಾಡಬಹುದಿತ್ತು. ಇದು ವರ್ಷಗಟ್ಟಲೆ ಹಾಗೇ ಉಳಿಯುತ್ತೆ. ನಿಮಗೆ ಸಾಲ ಸಿಗಲ್ಲ ಸಾರ್."

ಹತ್ತೊಂಬತ್ತು ವರ್ಷದ ಗಿರಾಕಿಗಳು, ಟೇಬಲ್ಲು, ಮಗಳು ಓದುವ ಕಿಟಕಿ, ಎಲ್ಲವನ್ನೂ ಇಪ್ಪತ್ತೇಳು ಸಾವಿರಕ್ಕೆ ಮಾರಿದ್ದೆ. ಇಷ್ಟು ಅಗ್ಗಕ್ಕೆ ಸಗಟು ಅಂಗಡಿಯವನೂ ಏನನ್ನೂ ಕೊಟ್ಟವನಲ್ಲ.

ಆಫೀಸರು ಹೆಂಡತಿಯ ಕಡೆ ತಿರುಗಿದಳು. "ಮೇಡಂ, ನಿಮ್ಮ ಹೆಸರಲ್ಲಿ ಏನಾದ್ರೂ ಸಾಲ ಇತ್ತಾ?"

"ಅವಳ ಹೆಸರಲ್ಲಿ ಸಾಲ ಬಿಟ್ಟು ಬೇರೇನಿದೆ" ಎಂದು ನನ್ನ ಹಾಳು ಬಾಯಿ ಅಲ್ಲೂ ಅಂದಿತು.

ಕಂತಮ್ಮನ ಸ್ಕೋರು ಎಂಟುನೂರ ಹನ್ನೆರಡು. ನಾವು ಹೊಲಿಯುವ ಶಾಲಾ ಸಮವಸ್ತ್ರದ ಗುತ್ತಿಗೆ ಅವಳ ಹೆಸರಿನಲ್ಲೇ ಇತ್ತು. ಕಾಗದಪತ್ರಕ್ಕೆ ಸಹಿ ಹಾಕುವುದು ನನಗೆ ತಲೆನೋವೆಂದು ನಾನೇ ಅವಳ ತಲೆಗೆ ಕಟ್ಟಿದ್ದೆ. ದುಡ್ಡೆಲ್ಲ ಅವಳ ಖಾತೆಗೇ ಬರುತ್ತಿತ್ತು. "ಒಂದೇ ಒಂದು ಕಂತು ತಪ್ಪಿಲ್ಲ, ಹದಿಮೂರು ವರ್ಷದಲ್ಲಿ!" ಅಂದಳು ಆಫೀಸರು. "ಈ ವಾರದಲ್ಲೇ ಮಂಜೂರು ಮಾಡಿಸ್ತೀನಿ."

"ಹಾಗಿದ್ರೆ ಇಬ್ಬರ ಹೆಸರಲ್ಲೂ ಹಾಕಿಬಿಡಿ" ಅಂದೆ.

"ನಿಮ್ಮ ಹೆಸರು ಸೇರಿಸಿದ್ರೆ ಮೇಡಂ ಅರ್ಜಿನೂ ಬಿದ್ದೋಗುತ್ತೆ ಸಾರ್."

ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಎಳೆದುಕೊಂಡು ಕೂತೆ. ಆಫೀಸರು ಅರ್ಜಿ ತುಂಬತೊಡಗಿದಳು. ಹೆಸರು, ವಯಸ್ಸು, ಉದ್ಯೋಗ. ಹೆಂಡತಿ ಒಂದೊಂದಕ್ಕೂ ಮೆಲ್ಲಗೆ ಉತ್ತರ ಹೇಳಿದಳು. ಅವಳ ಉದ್ಯೋಗ ಟೈಲರ್ ಎಂದು ಅವತ್ತೇ ನನಗೆ ಕೇಳಿಸಿದ್ದು.

"ನಿಮ್ಮನ್ನ ನಂಬಿಕೊಂಡಿರೋರು ಎಷ್ಟು ಜನ ಮೇಡಂ?"

"ಇಬ್ಬರು."

"ಮಗಳು ಒಬ್ಬಳೇ ಅಲ್ವೇನೇ?" ಅಂದೆ ನಾನು.

ಅವಳು ನನ್ನ ಕಡೆ ತಿರುಗಿದಳು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

"ಕಂತಿನ ಹಾಸಿಗೆ ಮೇಲೆ ಕಾಲು ಚಾಚಿರೋರು ಇನ್ನೊಬ್ಬರು ಇದ್ದಾರಲ್ಲ ರೀ."

ಆಫೀಸರು ತಲೆ ಎತ್ತದೆ, ಎರಡು ಎಂದು ಬರೆದುಕೊಂಡಳು.