ಮೌನದಲ್ಲಿ ಬೀಸಿದ ಹಿಟ್ಟು

ನಮ್ಮ ಯಜಮಾನರಿಗೆ ಸತ್ತುಹೋದ ದೇವರುಗಳ ಹುಚ್ಚು ಹಿಡಿದದ್ದು ನಾನು ಏಳು ತಿಂಗಳ ಬಸುರಿಯಾಗಿದ್ದಾಗ. ಬೇರೆ ಗಂಡಸರು ಬಸುರಿ ಹೆಂಡತಿಗೆ ಮಾವಿನಕಾಯಿ ಹುಡುಕಿಕೊಂಡು ಹೋಗುತ್ತಾರೆ. ಇವರು ರೋಮಿಗೆ, ಗ್ರೀಸಿಗೆ ಹೋಗಿ ಕೂತಿದ್ದರು, ಅದೂ ನಮ್ಮ ಪಡಸಾಲೆಯ ಬೆತ್ತದ ಕುರ್ಚಿಯಲ್ಲೇ.

ಇವರು ಅಂದರೆ ಬಸವರಾಜು. ಯಾದವಗಿರಿಯ ಅಂಚಿನಲ್ಲಿದ್ದ ಸಣ್ಣ ಕ್ರೈಸ್ತ ಸಭೆಗೆ ಪಾದ್ರಿಗಳು. ಇಲವಾಲದ ಒಕ್ಕಲು ಮನೆಯವರು. ಓದಲು ಮೈಸೂರಿಗೆ ಬಂದು ದೀಕ್ಷಾಸ್ನಾನ ತಗೊಂಡು, ಹೆಸರನ್ನು ಮಾತ್ರ ಹಾಗೇ ಇಟ್ಟುಕೊಂಡವರು. ಮಗನ ಹಿಂದೆಯೇ ತಾಯಿ ದೇವಿರಮ್ಮನೂ ಸಭೆ ಸೇರಿದರು. ನಾನು ನೀಲಮ್ಮ, ತಾತನ ಕಾಲದಿಂದ ಸಭೆಯವಳು. ಕರ್ತನ ಮೇಜು, ಬೇರೆ ದೇವರ ಮೇಜು, ಎರಡರಲ್ಲೂ ಉಣ್ಣಬಾರದು ಅಂತ ಚಿಕ್ಕಂದಿನಿಂದ ಕೇಳಿಕೊಂಡೇ ಬೆಳೆದವಳು.

ಸ್ವಾತಂತ್ರ್ಯ ಬಂದು ಮೂರು ವರ್ಷವಾಗಿತ್ತು. ಆ ಚಳಿಗಾಲದಲ್ಲಿ ಊರಿಗೆ ಯಾರೋ ವಿದ್ವಾಂಸರು ಬಂದು, ಕ್ರೈಸ್ತರ ಉಪವಾಸ, ಸ್ನಾನ, ರೊಟ್ಟಿ ಮುರಿಯುವ ಊಟ ಎಲ್ಲವೂ ಅವರಿಗಿಂತ ಹಳೆಯ ಗುಟ್ಟಿನ ಪಂಥಗಳಿಂದ ಬಂದವು ಅಂತ ಭಾಷಣ ಮಾಡಿ ಹೋಗಿದ್ದರು. ಸಭೆಯ ಹಿರಿಯರಿಗೆ ಕಳವಳ ಹತ್ತಿತು. ಸಭೆಯೆಲ್ಲ ಕೂಡಿ ಆ ರೊಟ್ಟಿ ಮುರಿಯುವ ಪ್ರಭುಭೋಜನದ ಭಾನುವಾರಕ್ಕೆ ಮುಂಚಿನ ಶನಿವಾರ ಸಂಜೆ ಇವರು ಉತ್ತರ ಹೇಳಬೇಕು ಅಂತಾಯಿತು. ಅದಕ್ಕೇ ಈ ಓದು.

ನನಗೆ ರೋಮೂ ಬೇಡ, ಗ್ರೀಸೂ ಬೇಡ. ಇದ್ದದ್ದು ಒಂದೇ ಭಯ. ಮೊದಲನೆಯ ಮಗು ಹುಟ್ಟುವಾಗಲೇ ತಣ್ಣಗಿತ್ತು. ಎರಡನೆಯದು ತೊಟ್ಟಿಲು ಕಾಣಲಿಲ್ಲ. ಮೂರನೆಯದು ಹೊಟ್ಟೆಯಲ್ಲಿ ಒಂದು ಗಳಿಗೆ ಅಲುಗಾಡದಿದ್ದರೆ ನನ್ನ ಕೈಕಾಲು ತಣ್ಣಗಾಗುತ್ತಿತ್ತು.

ನಾನು ಅವರೆಕಾಳು ಹಿದುಕುತ್ತಾ ಕೂತರೆ ಇವರು ಎದುರಿಗೆ ಕೂತು ಭಾಷಣ ಅಭ್ಯಾಸ ಮಾಡುತ್ತಿದ್ದರು. ಗ್ರೀಸಿನಲ್ಲಿ ಒಬ್ಬ ಪೈರಿನ ತಾಯಿಯಂತೆ. ಅವಳ ಮಗಳನ್ನು ಸಾವಿನ ಒಡೆಯ ನೆಲದೊಳಕ್ಕೆ ಎಳೆದುಕೊಂಡು ಹೋದನಂತೆ. ಅವಳ ಗುಡಿಯಲ್ಲಿ ದೀಕ್ಷೆ ಪಡೆಯುವವರು ಉಪವಾಸವಿದ್ದು, ಮಿಂದು, ಕತ್ತಲೆಯಲ್ಲಿ ಕಾದು ನಿಲ್ಲಬೇಕು. ಕೊನೆಗೆ ಮೌನದಲ್ಲಿ ಕೊಯ್ದ ಒಂದು ತೆನೆಯನ್ನು ತೋರಿಸುತ್ತಿದ್ದರಂತೆ. ಅಷ್ಟನ್ನು ನೋಡಿದವರಿಗೆ ಸಾವಿನ ಅಂಜಿಕೆ ಹೋಗುತ್ತಿತ್ತಂತೆ.

"ಹೊರಗೆ ಬಂದು ಹೇಳ್ಬಿಟ್ರೆ?" ಅಂತ ಕೇಳಿದೆ.

"ಮರಣದಂಡನೆ."

"ಒಂದು ತೆನೆ ನೋಡಿದ್ದಕ್ಕಾ?"

"ನೋಡಿದ್ದಕ್ಕಲ್ಲ ಕಣೇ, ಬಾಯಿ ಬಿಟ್ಟಿದ್ದಕ್ಕೆ" ಅಂತ ನಕ್ಕರು. ನನಗೆ ನಗು ಬರಲಿಲ್ಲ. ಮಗಳನ್ನು ನೆಲಕ್ಕೆ ಕೊಟ್ಟ ಆ ತಾಯಿಯ ಮಾತು ಹೊಟ್ಟೆಯಲ್ಲಿ ಕೂತುಬಿಟ್ಟಿತು.

ಆಗೆಲ್ಲ ರೇಷನ್ ಕಾಲ. ಬ್ರೆಡ್ಡು ನೆಚ್ಚಿಕೊಳ್ಳುವ ಹಾಗಿರಲಿಲ್ಲ. ಪ್ರಭುಭೋಜನದ ರೊಟ್ಟಿಯನ್ನು ಸಭೆಯ ಮನೆಗಳವರೇ ಸರದಿಯ ಮೇಲೆ ಗೋಧಿ ಬೀಸಿ ಸುಟ್ಟು ಕೊಡುತ್ತಿದ್ದರು. ಆ ಸಲ ನಮ್ಮ ಮನೆಯ ಸರದಿ. ನಾನು ಬಗ್ಗುವ ಹಾಗಿರಲಿಲ್ಲವಾದ್ದರಿಂದ ಅತ್ತೆಯೇ ಮಾಡುತ್ತೇನೆ ಅಂದರು.

ಶನಿವಾರ ಮಧ್ಯಾಹ್ನ ಪಡಸಾಲೆಯಲ್ಲಿ ಇವರ ಧ್ವನಿ, ಹಿತ್ತಿಲ ಕೋಣೆಯಲ್ಲಿ ಬೀಸುವ ಕಲ್ಲಿನ ಸದ್ದು. ನೀರು ಕೊಡೋಣ ಅಂತ ಒಳಗೆ ಹೋದವಳು ಬಾಗಿಲಲ್ಲೇ ನಿಂತೆ. ಅತ್ತೆ ತಲೆಗೆ ನೀರು ಹಾಕಿಕೊಂಡು ಒದ್ದೆ ಸೀರೆಯಲ್ಲೇ ಕೂತಿದ್ದರು. ಬಾಯಿಗೆ ಬಿಳಿ ಬಟ್ಟೆ ಬಿಗಿದು ಕಟ್ಟಿಕೊಂಡಿದ್ದರು. ಗೋಡೆಯ ಗೂಡಿನಲ್ಲಿ ಅರಿಶಿನದ ಬಟ್ಟೆಯಲ್ಲಿ ಕಟ್ಟಿದ ಒಂದು ಹಿಡಿ ಗೋಧಿ.

"ಇದೇನತ್ತೆ, ಬಾಯಿಗೆ ಬಟ್ಟೆ?"

ಅವರು ಸುಮ್ಮನಿರು ಅಂತ ಕೈ ಅಡ್ಡ ಹಿಡಿದರು. ಕಲ್ಲು ನಿಲ್ಲಲಿಲ್ಲ. ಕೊನೆಯ ಹಿಡಿ ಬೀಸಿ, ಹಿಟ್ಟು ಬಳಿದು, ಹಳೆಯ ಮನೆದೇವರು ಮಾದಪ್ಪನ ಬೆಟ್ಟದ ದಿಕ್ಕಿಗೆ ಕೈಮುಗಿದ ಮೇಲೆಯೇ ಬಟ್ಟೆ ಬಿಚ್ಚಿದರು.

"ಮೀಸಲು ಕಣವ್ವ" ಅಂದರು. "ಉಸ್ರು ತಾಕ್ಬಾರ್ದು, ಮಾತ್ ಬೀಳ್ಬಾರ್ದು. ಮೊದ್ಲ ಹಿಡಿ ಮಾದಪ್ಪಂಗೆ ಎತ್ತಿಟ್ಟಿವ್ನಿ. ನಿನ್ ಹೊಟ್ಟೇಲಿರೋದು ಉಳೀಲಿ ಅಂತ."

"ಅತ್ತೆ, ಇದು ಕರ್ತನ ಮೇಜಿನ ರೊಟ್ಟಿ. ಇಡೀ ಸಭೆ ತಿನ್ನೋದು."

"ತಿನ್ಲಿ ಬುಡು. ಮೀಸಲು ಊರೋರೆಲ್ಲ ತಿಂದ್ರೇಯ ಫಲ." ಆಮೇಲೆ ನನ್ನ ಮುಖವನ್ನೇ ನೋಡಿ ಧ್ವನಿ ತಗ್ಗಿಸಿದರು. "ಎರಡ್ ಸಲ ಮಾಡ್ನಿಲ್ಲ ಕಣವ್ವ, ನಿಮ್ ದೇವ್ರು ಮುನಿಸ್ಕತಾನೆ ಅಂತ. ಏನಾಯ್ತು ನೋಡ್ದಲ್ಲ. ಯಾರ್ಗೂ ಯೋಳ್ಬ್ಯಾಡ. ಬಸವಂಗೂ ಯೋಳ್ಬ್ಯಾಡ. ಯೋಳ್ಬುಟ್ರೆ ಮೀಸಲು ಕೆಡ್ತದೆ. ಕೆಟ್ರೆ ಮಾದಪ್ಪ ಸುಮ್ನಿರಾಕಿಲ್ಲ."

ನನಗೆ ಕೋಪ ಬಂತು. ಈ ಮುದುಕಿ ನನ್ನನ್ನು ಕೇಳದೆ ನನ್ನ ಮಗುವನ್ನು ಎರಡು ದೇವರ ನಡುವೆ ತಂದಿಟ್ಟಿದ್ದಳು. ಹೇಳಿದರೆ ಮಾದಪ್ಪನ ಮುನಿಸು. ಹೇಳದಿದ್ದರೆ ಇಡೀ ಸಭೆಗೆ ಬೇರೆ ದೇವರ ಮೀಸಲು ಉಣ್ಣಿಸಿದ ಪಾಪ, ಅದಕ್ಕೂ ಮಗುವೇ ದಂಡ ತೆರಬೇಕಾದರೆ? ಬಯ್ಯಲು ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಪಡಸಾಲೆಯಿಂದ ಇವರ ಧ್ವನಿ ಸ್ಪಷ್ಟವಾಗಿ ಕೇಳುತ್ತಿತ್ತು: "ಬಾಯಿ ಬಿಟ್ಟವರಿಗೆ ಸಾವೇ ಶಿಕ್ಷೆಯಾಗಿತ್ತು."

ಸಂಜೆ ಭಾಷಣ ಚೆನ್ನಾಗಿಯೇ ಆಯಿತು. ರೋಮಿನ ಸಿಪಾಯಿಗಳು ಗುಹೆಯೊಳಗೆ ಮಿತ್ರನೆಂಬ ದೇವರಿಗೆ ರೊಟ್ಟಿ, ಬಟ್ಟಲು ಇಟ್ಟು ಉಣ್ಣುತ್ತಿದ್ದುದನ್ನು ಹೇಳಿದರು. ದೆವ್ವಗಳೇ ನಮ್ಮ ಊಟವನ್ನು ನಕಲು ಮಾಡಿದವು ಅಂತ ಸಭಾಪಿತೃಗಳೆಂಬ ಮೊದಲ ಕಾಲದ ಕ್ರೈಸ್ತ ಗುರುಗಳು ಬರೆದದ್ದನ್ನು ಹೇಳಿದಾಗ ನಾನು ಅತ್ತೆಯ ಕಡೆ ತಿರುಗಿ ನೋಡಿದೆ. ದೀಕ್ಷೆಯಾಗದವರನ್ನು ಹೊರಗೆ ಕಳಿಸಿ, ಬಾಗಿಲು ಮುಚ್ಚಿ ರೊಟ್ಟಿ ಮುರಿಯುವುದು ನಮ್ಮ ಹಿರಿಯರಲ್ಲೂ ಇತ್ತು ಅಂತ ಒಪ್ಪಿಕೊಂಡರು. ಆದರೆ ಕೊನೆಗೆ ಎದೆಯುಬ್ಬಿಸಿ ಅಂದರು: "ಹೊರಗಿನಿಂದ ಒಂದು ಕಾಳೂ ನಮ್ಮ ಮೇಜಿಗೆ ಬರಲಿಲ್ಲ."

ಹಿಂದಿನ ಬೆಂಚಿನಿಂದ ಚೆಲುವಯ್ಯ ಮೇಷ್ಟ್ರು ಎದ್ದರು. "ಅಯ್ಯನವರೇ, ಆ ಗುಟ್ಟಿನ ಪಂಥದವರಲ್ಲೇ ಎಷ್ಟೋ ಜನ ಸಭೆಗೆ ಸೇರಿದ್ರಲ್ಲ. ಅವರು ಹಳೇದನ್ನೆಲ್ಲ ಎಲ್ಲಿ ಬಿಟ್ರು?"

"ಬಾಗಿಲಲ್ಲೇ ಬಿಟ್ಟು ಒಳಗೆ ಬಂದ್ರು ಮೇಷ್ಟ್ರೇ."

ಅತ್ತೆ ನನ್ನ ಪಕ್ಕದಲ್ಲಿ ಎಲೆ ಅಡಿಕೆ ಇಲ್ಲದ ಬಾಯನ್ನು ಸುಮ್ಮನೆ ಆಡಿಸುತ್ತಾ ಕೂತಿದ್ದರು. ಆಗ ನನಗೆ ಗೊತ್ತಾಯಿತು, ಮಧ್ಯಾಹ್ನದಿಂದ ಮಗು ಅಲುಗಾಡಿರಲಿಲ್ಲ.

ಬೆಳಗಾದರೂ ಅಲುಗಾಡಲಿಲ್ಲ. ಇವರಿಗೆ ಹೇಳಿಬಿಡೋಣ ಅನ್ನಿಸುವುದು, ಹೇಳಿದರೆ ಮೀಸಲು ಕೆಡುತ್ತದಲ್ಲ ಅನ್ನಿಸುವುದು. ಇವರು ಬಿಳಿ ಅಂಗಿ ತೊಟ್ಟು ರೊಟ್ಟಿ ತರಲು ತಾವೇ ಹಿತ್ತಿಲ ಕೋಣೆಗೆ ಹೋದರು. ನಾನು ಹಿಂದೆಯೇ ಓಡಿದೆ. ಗೂಡಿನಲ್ಲಿ ಅರಿಶಿನದ ಗಂಟು ಹಾಗೇ ಇತ್ತು. ಅತ್ತೆ ಒಲೆಯ ಮುಂದೆ ಕೂತಿದ್ದರು, ತಲೆಯೆತ್ತಲಿಲ್ಲ.

ಇಲವಾಲದಲ್ಲಿ ಹುಟ್ಟಿದ ಮಗನಿಗೆ ಆ ಗಂಟು ಏನು ಅಂತ ಯಾರೂ ಹೇಳಬೇಕಾಗಿರಲಿಲ್ಲ. ಗಂಟನ್ನು ನೋಡಿದರು, ತಾಯಿಯನ್ನು ನೋಡಿದರು, ನನ್ನ ಹೊಟ್ಟೆಯನ್ನು ನೋಡಿದರು. ಇದೇನವ್ವ ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು, ನಾನು ಅತ್ತುಬಿಡುತ್ತಿದ್ದೆ. ಕೇಳಲಿಲ್ಲ. ಇವರಿಗೂ ನನ್ನಷ್ಟೇ ಭಯ ಅಂತ ಅವತ್ತು ಮೊದಲ ಸಲ ಕಂಡೆ. ರೊಟ್ಟಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು, "ಹೊತ್ತಾಯ್ತು, ಹೊರಡಿ" ಅಂದರು.

ಮೇಜಿನ ಹಿಂದೆ ನಿಂತು ರೊಟ್ಟಿ ಮುರಿಯುವ ಮುಂಚೆ ಇವರು ಎರಡು ಸಲ ಪ್ರಾರ್ಥನೆ ಮಾಡಿದರು. ಭಕ್ತಿ ಅಂದುಕೊಂಡರು ಸಭೆಯವರು. ನನ್ನ ಅಂಗೈಗೆ ತುಂಡು ಇಡುವಾಗ ಕಣ್ಣು ಬೇರೆ ಕಡೆ ಇತ್ತು. ಕರ್ತನ ಹತ್ತಿರವೂ ಮಾದಪ್ಪನ ಹತ್ತಿರವೂ ಕ್ಷಮೆ ಕೇಳಿಕೊಂಡು ತಿಂದೆ.

ಮಗು ಒದ್ದದ್ದು ಮನೆಗೆ ಬಂದು ಮುದ್ದೆ ಉಂಡ ಮೇಲೆ. ಯಾವ ಊಟಕ್ಕೆ ಒದ್ದಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಹುಟ್ಟಿದ್ದು ಹೆಣ್ಣು. ಹುಟ್ಟಿದ ತಕ್ಷಣ ಅತ್ತಳು, ಉಳಿದಳು. ಆ ಭಾಷಣವನ್ನು ತಮ್ಮಲ್ಲೂ ಮಾಡಬೇಕು ಅಂತ ಹುಣಸೂರಿನ ಸಭೆಯವರು ಕೇಳಲು ಬಂದರು. ಇವರು ಗಂಟಲು ಸರಿಯಿಲ್ಲ ಅಂದರು. ಆಮೇಲೆ ಎಲ್ಲೂ ಮಾಡಲಿಲ್ಲ.

ಅತ್ತೆ ತೀರಿಕೊಂಡ ವರ್ಷ ರೊಟ್ಟಿಯ ಸರದಿ ಮತ್ತೆ ನಮ್ಮ ಮನೆಗೆ ಬಂತು. ಮಗಳು ಆಗ ಶಾಲೆಗೆ ಹೋಗುತ್ತಿದ್ದಳು. ಬ್ರೆಡ್ಡು ತಂದುಬಿಡೋಣ ಅಂದುಕೊಂಡೆ. ಆದರೆ ಆ ವಾರ ಅವಳಿಗೆ ಸಣ್ಣಗೆ ಜ್ವರ. ತಲೆಗೆ ನೀರು ಹಾಕಿಕೊಂಡೆ. ಒಂದು ಹಿಡಿ ಎತ್ತಿಟ್ಟೆ. ಬಾಯಿಗೆ ಬಟ್ಟೆ ಕಟ್ಟಿಕೊಂಡು ಕಲ್ಲಿನ ಮುಂದೆ ಕೂತೆ. ಪಡಸಾಲೆಯಲ್ಲಿ ಏನೋ ಓದುತ್ತಿದ್ದ ಇವರ ಧ್ವನಿ ಕಲ್ಲಿನ ಸದ್ದು ಕೇಳಿದ ಕೂಡಲೇ ನಿಂತುಹೋಯಿತು.

ಮಗಳು ಕಂಬಳಿ ಹೊದ್ದುಕೊಂಡು ಬಾಗಿಲಿಗೆ ಬಂದಳು. "ಅಮ್ಮ, ಇದ್ಯಾಕೆ ಬಾಯಿಗೆ ಬಟ್ಟೆ?"

ನಾನು ಕೈ ಅಡ್ಡ ಹಿಡಿದೆ. ಅವಳು ಕೇಳುವವಳಲ್ಲ, ಮತ್ತೆ ಬಾಯಿ ತೆರೆದಳು. ಅಷ್ಟರಲ್ಲಿ ಪಡಸಾಲೆಯಿಂದ ಇವರು ಮೆಲ್ಲಗೆ ಕರೆದರು.

"ಅಮ್ಮನ್ನ ಮಾತಾಡಿಸ್ಬೇಡ ಮಗಳೇ. ಕಲ್ಲು ನಿಲ್ಲೋವರ್ಗೂ ಇಲ್ಲಿ ಬಂದು ಕೂತ್ಕೊ."