ವಿಭೂತಿ ಹಚ್ಚಿದ ವಿಡಿಯೋ ಗೇಮ್

ಹೊಸ ಟಿವಿಯ ಬೆನ್ನಿನಲ್ಲಿ ಹಳದಿ ತೂತೂ ಇಲ್ಲ, ಬಿಳಿ ತೂತೂ ಇಲ್ಲ. ನಮ್ಮ ಇಪ್ಪತ್ತೇಳು ವರ್ಷದ ವಿಡಿಯೋ ಗೇಮಿಗೆ ಇರುವುದು ಆ ಎರಡೇ ಪಿನ್ನು. ಟಿವಿಯನ್ನು ಬೆರಳೂ ತೂರದಷ್ಟು ಗೋಡೆಗೆ ಒತ್ತಿ ಕೂರಿಸಿ ಹೋದವನ ಜನ್ಮ ಜಾಲಾಡುತ್ತ, ಸ್ಟೂಲ್ ಹತ್ತಿ ಕನ್ವರ್ಟರ್ ಸಿಕ್ಕಿಸುತ್ತಿದ್ದೆ. ಕೆಳಗೆ ಸ್ಟೂಲ್ ಹಿಡಿದು ನಿಂತವಳು ಮಗಳು ಭಾಗ್ಯಜ್ಯೋತಿ. ಟ್ರಂಕಿನ ತಳದಲ್ಲಿ ಈ ಗೇಮ್ ಸಿಕ್ಕ ದಿನದಿಂದ ನನ್ನ ತಲೆ ತಿಂದವಳು ಅವಳೇ.

ಆ ಕನ್ವರ್ಟರ್ ಕೊಟ್ಟವನು ಆಳಂದದಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಮಸೂದ. ನಿನ್ನೆ ಗೇಮ್ ಬಿಚ್ಚಿ, ಸುಟ್ಟುಹೋದ ಪಾರ್ಟು ಬದಲಿಸಿದ್ದ. "ಯಾರೋ ಬ್ಯಾರೆ ಅಡಾಪ್ಟರ್ ಹಚ್ಯಾರ್ರಿ ಅಣ್ಣಾರ. ಕರೆಂಟ್ ಉಲ್ಟಾ ಹೊಕ್ಕದ" ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ, ನಾನು ಕೈಯನ್ನು ಜೇಬಿಗೆ ಸೇರಿಸಿದೆ. ಆ ಯಾರೋ ನಾನೇ. ಹೇಳಬೇಕಾದವರಿಗೇ ಹೇಳಿಲ್ಲ, ಇನ್ನು ಮಸೂದನಿಗೇನು ಹೇಳಲಿ!

ಆಗ ನನಗೆ ಹನ್ನೆರಡು ವರ್ಷ. ಅಪ್ಪ ಸ್ವಂತ ಲಾರಿ ಓಡಿಸುತ್ತಿದ್ದ. ಸೊಲ್ಲಾಪುರದಿಂದ ಇದನ್ನು ತಂದಾಗ ನಮ್ಮೂರು ಖಜೂರಿಯ ಅರ್ಧ ಹುಡುಗರು ನಮ್ಮ ಮನೆಯಲ್ಲೇ ಇದ್ದರು. ಮಹಾನವಮಿಗೆ ಖಂಡೇಪೂಜೆ, ಅಂದರೆ ಆಯುಧಪೂಜೆ, ಬಂತು. ಅವ್ವ ಗುರುಬಾಯಿ ಲಾರಿ, ಮೋಟಾರು, ಹೊಲಿಗೆ ಮಷೀನು ಎಲ್ಲಕ್ಕೂ ಮೂರು ಬೆರಳಿನ ವಿಭೂತಿ ಎಳೆದು, ಗೇಮಿಗೂ ಎಳೆದಳು, ಅದೂ ಕ್ಯಾಸೆಟ್ ತೂರಿಸುವ ಬಾಯಿಗೇ.

ಮರುದಿನ ಗೇಮಿನ ಅಡಾಪ್ಟರ್ ಸಿಗಲಿಲ್ಲ. ತಡೆಯಲಾರದೆ ಟೇಪ್‌ರೆಕಾರ್ಡರಿನದನ್ನು ಚುಚ್ಚಿದೆ. ಚಟ್ ಎಂದಿತು, ಸುಟ್ಟ ವಾಸನೆ ಬಂತು. ಅಪ್ಪನ ಕೈ ಬಲು ಜೋರು. ಅವನು ಒಳಗೆ ಬರುವಷ್ಟರಲ್ಲಿ ನನ್ನ ಸುಳ್ಳು ತಯಾರಾಗಿತ್ತು.

"ಅವ್ವ ಹಚ್ಚಿದ ವಿಭೂತಿ ಒಳಗ ಹೋಗಿ ಕೆಟ್ಟದ."

"ಕರೆಂಟಿನ ಸಾಮಾನಿಗಿ ಬೂದಿ ಸುರೀತಾರೇನ್ ಬೇ?" ಎಂದು ಅಪ್ಪ ಹುಡುಗರೆಲ್ಲರ ಎದುರಿಗೆ ಅವ್ವನನ್ನು ಬೈದ. ಅವಳು ಸೆರಗಿನ ತುದಿಯಿಂದ ಗೇಮಿನ ಬಾಯಿ ಒರೆಸುತ್ತ ಕುಳಿತಳು. ನಾನು ನೋಡುತ್ತ ನಿಂತಿದ್ದೆ.

ಅಂದಿನಿಂದ ಅವ್ವ ಯಾವ ಯಂತ್ರಕ್ಕೂ ವಿಭೂತಿ ಮುಟ್ಟಿಸಿಲ್ಲ. ಖಂಡೇಪೂಜೆ ದಿನ "ನನ್ನ ಕೈ ಛಲೋ ಇಲ್ಲ" ಎಂದು ದೂರ ನಿಲ್ಲುತ್ತಾಳೆ. ಈ ಸಲ ಹೇಳಿಬಿಡಬೇಕು ಎಂದು ಪ್ರತಿವರ್ಷ ಅಂದುಕೊಳ್ಳುತ್ತೇನೆ, ಹೋಳಿಗೆ ಉಂಡು ಮಲಗುತ್ತೇನೆ. ನನ್ನಂಥ ಹೇಡಿ ತಾಲೂಕಿನಲ್ಲಿ ಇನ್ನೊಬ್ಬನಿಲ್ಲ.

ಎಲ್ಲ ಜೋಡಿಸಿದರೂ ಟಿವಿ ನೀಲಿಯಾಗಿಯೇ ನಿಂತಿತ್ತು. ಕನ್ವರ್ಟರಿಗೂ ಬೇರೆ ಕರೆಂಟು ಬೇಕೆಂದು ಮಗಳಿಗೇ ಹೊಳೆಯಿತು. ಮೊಬೈಲ್ ಚಾರ್ಜರಿನ ವೈರು ಚುಚ್ಚಿದಳು. ಪರದೆ ತುಂಬ ಬಣ್ಣ ಬಂತು, ಅದೇ ಹಳೆಯ ಪೀಂ ಪೀಂ ಹಾಡೂ ಬಂತು.

"ಆಯೀ, ಲಗೂ ಬಾ! ಇದಕ್ಕ ವಿಭೂತಿ ಹಚ್ಚು" ಎಂದು ಅಜ್ಜಿಯನ್ನು ಕೂಗುತ್ತ ಕುಣಿದಳು.

ಅವ್ವ ಹೊಸ್ತಿಲಲ್ಲೇ ನಿಂತಳು. "ಬ್ಯಾಡ ಯವ್ವಾ. ಒಮ್ಮಿ ನಾನ ಕೊಂದೇನಿ ಅದನ್ನ."

ಕೆಡಿಸಿದೆ ಎನ್ನಲಿಲ್ಲ, ಕೊಂದೆ ಎಂದಳು. ಸ್ಟೂಲಿನಿಂದ ಇಳಿದೆ.

"ನೀ ಏನೂ ಮಾಡಿಲ್ಲವ್ವ. ನಾ ಬ್ಯಾರೆ ಅಡಾಪ್ಟರ್ ಹಚ್ಚಿ ಸುಟ್ಟಿದ್ದೆ. ಅಪ್ಪ ಹೊಡೀತಾನಂತ ನಿನ್ನ ಹೆಸರ ಹೇಳ್ದೆ."

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ನನ್ನ ಪುಣ್ಯ. ಅವಳು ತನ್ನ ಬಲಗೈಯನ್ನೇ ನೋಡಿಕೊಳ್ಳುತ್ತ ನಿಂತಳು.

"ಅದರ ಮುಂದಿನ ವರ್ಷದ ಖಂಡೇಪೂಜಿಗೆ ನಿಮ್ಮಪ್ಪ ಎಷ್ಟ್ ಕರದ್ರು. ಲಾರಿಗಿ ನೀನ ಹಚ್ಚು ಬಾ ಅಂದ್ರು. ನಾ ಒಲ್ಲೆ ಅಂದೆ."

ಆ ಪೂಜೆಯಾಗಿ ಎಂಟನೆಯ ದಿನ ಉಮರ್ಗಾ ರಸ್ತೆಯಲ್ಲಿ ಲಾರಿ ಹಳ್ಳಕ್ಕೆ ಉರುಳಿ ಅಪ್ಪ ತೀರಿಕೊಂಡಿದ್ದ. ಅದನ್ನೂ ಅವ್ವ ಇಷ್ಟು ವರ್ಷ ತನ್ನ ತಲೆಯ ಮೇಲೆಯೇ ಹೊತ್ತಿದ್ದಳೆಂದು ನನಗೆ ಗೊತ್ತಿರಲಿಲ್ಲ.

"ಲಾರಿಗಿ ಹಚ್ಚಬಹುದಿತ್ತಲ್ಲೋ ಶಾಂತೂ" ಎಂದಳು.